ಪಂಪು ನೀರನ್ನು ಎಳೆಯುತ್ತದೆಯೆ?

ಸುಗ್ಗಿ ತಿಂಗಳು ಕಳೆದು ಪಗ್ಗು ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕಾಸರಗೋಡು ಸೀಮೆಯ ತೋಟಗಳಲ್ಲಿ ಒಂದೇ ಮಾತು: “ನಿಮ್ಮ ಬಾವಿಯಲ್ಲಿ ನೀರೆಷ್ಟಿದೆ?” ಆ ಹೊತ್ತಿಗೆ ಬಾವಿಯ ನೀರು ವಾರ ವಾರವೂ ಇಳಿಯುತ್ತಿರುತ್ತದೆ. ಅಲ್ಲಿಯವರೆಗೆ ಸರಾಗವಾಗಿ ನಡೆಯುತ್ತಿದ್ದ ಪಂಪು ಒಂದು ದಿನ ಬರಿದೆ ಸದ್ದು ಮಾಡುತ್ತದೆಯೇ ಹೊರತು ನೀರು ಕೊಡುವುದಿಲ್ಲ. ಬಾವಿಗೆ ಇಣುಕಿದರೆ ತಳದಲ್ಲಿ ಆಳೆತ್ತರದ ನೀರು ಇದ್ದೇ ಇದೆ. ಮೋಟಾರು ತಿರುಗುತ್ತಿದೆ, ಕರೆಂಟೂ ಇದೆ. ಹಾಗಾದರೆ ನೀರೇಕೆ ಬರುವುದಿಲ್ಲ?

ಈ ಪ್ರಶ್ನೆಗೆ ಉತ್ತರ ತಿಳಿಯದೆ ನಾನು ಒಮ್ಮೆ ಸಾಲಗಾರನಾದೆ. ಹೇಳಿಕೊಳ್ಳಲು ಸಂಕೋಚವೇ, ಯಾಕೆಂದರೆ ಆ ಉತ್ತರವನ್ನು ನಾನು ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದ್ದೆ. ನನ್ನಂತೆ ಇನ್ನೊಬ್ಬರು ಕೆಡಬಾರದೆಂದೂ, ಮಕ್ಕಳ ಭೌತಶಾಸ್ತ್ರದ ಪಾಠಕ್ಕೂ ನಮ್ಮ ಬಾವಿಕಟ್ಟೆಗೂ ಇರುವ ನಂಟು ಎಲ್ಲರಿಗೂ ಕಾಣಲೆಂದೂ ಇದನ್ನು ಬರೆಯುತ್ತಿದ್ದೇನೆ.

ನಡೆದ ಸಂಗತಿ

ನನ್ನ ತೋಟದ ಬಾವಿಯ ದಂಡೆಯಲ್ಲಿ 2 ಅಶ್ವಶಕ್ತಿಯ ಪಂಪೊಂದಿತ್ತು. ಗುಡ್ಡದ ಮೇಲಿನ ತೊಟ್ಟಿಗೆ ಅದು ಬಹುಕಾಲ ನೀರೆತ್ತಿತು. ಒಂದು ವರ್ಷ ಮಳೆ ಬೇಗನೆ ನಿಂತಿತು. ಬೇಸಗೆಯ ನಡುವೆ ಪಂಪು ಕೈಕೊಟ್ಟಿತು. ಮೊದಲು ಫುಟ್‌ವಾಲ್ವ್ ಬದಲಾಯಿಸಿದೆ. ಆಮೇಲೆ ಪೈಪಿನ ಸಂದುಗಳನ್ನೆಲ್ಲ ಬಿಗಿಮಾಡಿಸಿದೆ. ಫಲ ಕಾಣಲಿಲ್ಲ. “ಮೋಟಾರಿಗೆ ಶಕ್ತಿ ಸಾಲದು, ದೊಡ್ಡದು ಹಾಕಿ” ಎಂದು ನಾಲ್ಕು ಜನ ಹೇಳಿದರು. ನನಗೂ ಅದೇ ಸರಿಯೆನಿಸಿತು. ಸಾಲ ತೆಗೆದು 5 ಅಶ್ವಶಕ್ತಿಯ ಪಂಪು ತಂದು ಕೂರಿಸಿದೆ. ಅದು ಹಳೆಯದಕ್ಕಿಂತ ಜೋರಾಗಿ ಅಬ್ಬರಿಸಿತು. ನೀರು ಮಾತ್ರ ಒಂದು ತೊಟ್ಟೂ ಬರಲಿಲ್ಲ. ಆ ಹದಿನೈದು ದಿನಗಳಲ್ಲಿ ಎರಡು ವರ್ಷದ ಅಡಿಕೆ ಸಸಿಗಳು ಒಂದು ಸಾಲು ಪೂರ್ತಿ ಒಣಗಿಹೋದವು.

ಮುಂದಿನ ಶಾಲಾವರ್ಷದಲ್ಲಿ ಗಾಳಿಯ ಒತ್ತಡದ ಪಾಠ ಬಂತು. ಎಂದಿನಂತೆ ಲೋಟಕ್ಕೆ ನೀರು ತುಂಬಿ, ಮೇಲೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿ ತೋರಿಸಿದೆ. ರಟ್ಟು ಬೀಳಲಿಲ್ಲ. “ಗಾಳಿ ಕೆಳಗಿನಿಂದ ತಳ್ಳುವುದರಿಂದ ರಟ್ಟು ನಿಂತಿದೆ. ಬಾವಿಯ ಪಂಪಿನಲ್ಲಿ ನೀರು ಮೇಲೇರುವುದೂ ಹೀಗೆಯೇ” ಎಂದು ಪುಸ್ತಕದ ಮಾತನ್ನು ಒಪ್ಪಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದುನಿಂತು, “ಮಾಷ್ಟ್ರೆ, ನೀರನ್ನು ಗಾಳಿ ತಳ್ಳುವುದಾದರೆ ನೀವು ಮೋಟಾರು ಯಾಕೆ ದೊಡ್ಡದು ಮಾಡಿದ್ದು?” ಎಂದು ಕೇಳಿದಳು. ಅವಳ ತಂದೆ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು. ಸಂಗತಿಯೆಲ್ಲ ಮನೆಯಲ್ಲಿ ಮಾತಾಗಿತ್ತು. ತರಗತಿಯೇ ನಕ್ಕಿತು. ನಾನೂ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಪಾಠ ನನ್ನ ಬಾಯಲ್ಲಿತ್ತು, ಬಾವಿಯ ದಂಡೆಗೆ ಬಂದಿರಲಿಲ್ಲ.

ಬಲ ಬೇರೆ, ಒತ್ತಡ ಬೇರೆ

ಭೌತಶಾಸ್ತ್ರ ಕಲಿಯತೊಡಗಿದವರು ಮೊದಲು ಎಡವುವುದು ಬಲ ಮತ್ತು ಒತ್ತಡ ಎಂಬ ಎರಡು ಮಾತುಗಳಲ್ಲಿ. ಉತ್ತ ಕೆಸರುಗದ್ದೆಯನ್ನು ನೆನೆಯಿರಿ. ಬರಿಗಾಲಲ್ಲಿ ನಿಂತರೆ ಕಾಲು ಹೂಳುತ್ತದೆ. ಅಲ್ಲೇ ಒಂದು ಅಗಲವಾದ ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ನಿಮ್ಮ ತೂಕ ಬದಲಾಯಿತೆ? ಇಲ್ಲ. ತೂಕ ಹಂಚಿಹೋದ ಜಾಗ ಬದಲಾಯಿತು.

ಲೆಕ್ಕ ಮಾಡಿ ನೋಡೋಣ. ಆಳಿನ ತೂಕ 60 ಕಿಲೋ, ಎರಡು ಪಾದಗಳ ವಿಸ್ತೀರ್ಣ 300 ಚದರ ಸೆಂಟಿಮೀಟರು ಎಂದಿಟ್ಟುಕೊಳ್ಳಿ. 60ನ್ನು 300ರಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರಿನ ಮೇಲೆ 200 ಗ್ರಾಂ ಭಾರ. ಹಲಗೆ 200 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲವಿದ್ದರೆ ಅದರ ವಿಸ್ತೀರ್ಣ 6,000 ಚದರ ಸೆಂಟಿಮೀಟರು. ಈಗ ಒಂದು ಚದರ ಸೆಂಟಿಮೀಟರಿಗೆ ಬೀಳುವುದು 10 ಗ್ರಾಂ ಮಾತ್ರ. ಒಟ್ಟು ಭಾರವು ಬಲ. ಒಂದು ಚದರ ಸೆಂಟಿಮೀಟರಿಗೆ ಬೀಳುವ ಪಾಲು ಒತ್ತಡ. ಕತ್ತಿಯನ್ನು ಮಸೆಯುವುದು ಯಾಕೆಂಬುದೂ ಇದರಿಂದ ತಿಳಿಯುತ್ತದೆ: ಕೈಯ ಬಲ ಅಷ್ಟೇ ಇದ್ದರೂ ಬಾಯಿ ತೆಳುವಾದಷ್ಟು ಒತ್ತಡ ಹೆಚ್ಚು.

ಮಕ್ಕಳ ಪುಸ್ತಕದಲ್ಲಿ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿಯೂ ಒತ್ತಡವನ್ನು ಪಾಸ್ಕಲ್ ಎಂಬ ಮಾನದಲ್ಲಿಯೂ ಕೊಟ್ಟಿರುತ್ತಾರೆ. ಹೆದರಬೇಕಾಗಿಲ್ಲ. ಒಂದು ಕಿಲೋ ತೂಕವೆಂದರೆ ಸುಮಾರು 9.8 ನ್ಯೂಟನ್. ಚದರ ಸೆಂಟಿಮೀಟರಿಗೆ 1 ಕಿಲೋ ಎಂದರೆ ಸುಮಾರು 98,000 ಪಾಸ್ಕಲ್. ಸೇರು ಹೋಗಿ ಲೀಟರು ಬಂದ ಹಾಗೆ, ಅಳತೆಯ ಹೆಸರು ಬೇರೆ, ವಸ್ತು ಒಂದೇ.

ಗಾಳಿಗೂ ಭಾರವುಂಟು

ನಮ್ಮ ತಲೆಯ ಮೇಲೆ ಹಲವು ಮೈಲು ಎತ್ತರದವರೆಗೆ ಗಾಳಿಯಿದೆ. ಅದಕ್ಕೆ ತೂಕವಿದೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಅದರ ಭಾರ ಸುಮಾರು 1.03 ಕಿಲೋ. ಅಂದರೆ ನಮ್ಮ ಅಂಗೈ ಮೇಲೆ ಒಂದು ಕ್ವಿಂಟಲಿಗೂ ಹೆಚ್ಚು ಭಾರ ಬೀಳುತ್ತಿದೆ. ಕೈ ಯಾಕೆ ಜಗ್ಗುವುದಿಲ್ಲ? ಗಾಳಿ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಪಕ್ಕದಿಂದಲೂ ಅಷ್ಟೇ ಒತ್ತುವುದರಿಂದ. ಒಂದು ಕಡೆಯ ಗಾಳಿಯನ್ನು ತೆಗೆದಾಗ ಮಾತ್ರ ಇನ್ನೊಂದು ಕಡೆಯ ಒತ್ತಡ ಬಯಲಿಗೆ ಬರುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪಪ್ಪಾಯಿ ಎಲೆಯ ದಂಟು ಒಳಗೆ ಪೊಳ್ಳು. ಎರಡು ತುದಿಗಳನ್ನೂ ಕತ್ತರಿಸಿ, ಕೊಳವೆಯಂತಾದ ಅದನ್ನು ಕೊಡದ ನೀರಿನಲ್ಲಿ ಅದ್ದಿರಿ. ಮೇಲಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಮೇಲೆತ್ತಿರಿ. ಕೆಳಗಿನ ಬಾಯಿ ತೆರೆದಿದ್ದರೂ ನೀರು ಬೀಳುವುದಿಲ್ಲ. ಕೆಳಗಿನಿಂದ ಗಾಳಿ ತಳ್ಳಿ ಹಿಡಿದಿದೆ. ಮೇಲಿನಿಂದ ಒತ್ತುವ ಗಾಳಿಗೆ ಬೆರಳು ಅಡ್ಡವಾಗಿದೆ. ಈಗ ದಂಟಿನ ಮೇಲ್ಭಾಗದಲ್ಲಿ ಮುಳ್ಳಿನಿಂದ ಒಂದು ಸಣ್ಣ ತೂತು ಮಾಡಿ ನೋಡಿ. ನೀರು ಕೂಡಲೇ ಜಾರಿಬೀಳುತ್ತದೆ. ಪಂಪಿನ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ನೀರೇರದೆ ಹೋಗುವುದೇಕೆಂಬುದಕ್ಕೆ ಈ ಮುಳ್ಳಿನ ತೂತೇ ಸಾಕ್ಷಿ.

ಇನ್ನು ಪಂಪಿನ ಕೆಲಸವೇನು? ಅದರ ಹೊಟ್ಟೆಯಲ್ಲಿರುವ ಚಕ್ರ ತಿರುಗಿ ಒಳಗಿನ ನೀರನ್ನು ಹೊರಕ್ಕೆ ಎಸೆಯುತ್ತದೆ. ಚಕ್ರದ ನಡುವೆ ಒತ್ತಡ ಕಡಿಮೆಯಾಗುತ್ತದೆ. ಬಾವಿಯ ನೀರಿನ ಮೇಲೆ ಕೂತಿರುವ ಗಾಳಿ ಆಗ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಪಂಪು ನೀರಿಗೆ ಹಗ್ಗ ಕಟ್ಟಿ ಎಳೆಯುವುದಿಲ್ಲ. ಬಾಗಿಲು ತೆರೆದುಕೊಡುತ್ತದೆ, ಅಷ್ಟೆ. ಒಳಗೆ ದೂಡುವುದು ಗಾಳಿಯ ಕೆಲಸ.

ಪಂಪಿನ ಹೊಟ್ಟೆಗೆ ಮೊದಲು ನೀರು ತುಂಬಿಸಬೇಕಾದುದು ಏಕೆಂಬುದೂ ಈಗ ಸ್ಪಷ್ಟ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಒಳಗೆ ಬರಿ ಗಾಳಿಯಿದ್ದರೆ ಚಕ್ರ ಎಷ್ಟು ತಿರುಗಿದರೂ ಒತ್ತಡ ಬೇಕಾದಷ್ಟು ಇಳಿಯುವುದಿಲ್ಲ.

ಗಾಳಿ ಎಷ್ಟು ಎತ್ತರಕ್ಕೆ ತಳ್ಳಬಲ್ಲದು?

ಒಂದು ಚದರ ಸೆಂಟಿಮೀಟರು ಅಗಲದ ಉದ್ದ ಕೊಳವೆಯಲ್ಲಿ ನೀರು ತುಂಬಿದೆಯೆನ್ನಿ. ಒಂದು ಮೀಟರು, ಅಂದರೆ 100 ಸೆಂಟಿಮೀಟರು ನೀರಿನ ತೂಕ 100 ಗ್ರಾಂ. ಹತ್ತು ಮೀಟರಿಗೆ ಒಂದು ಕಿಲೋ. ಗಾಳಿಯ ಭಾರ 1.03 ಕಿಲೋ. ಆದುದರಿಂದ ಗಾಳಿ ಹೊರಬಲ್ಲ ನೀರಿನ ಕಂಬ ಸುಮಾರು 10.3 ಮೀಟರು, ಎಂದರೆ 34 ಅಡಿ. ಅದರಾಚೆಗೆ ಗಾಳಿಯ ಕೈ ಎಟುಕುವುದಿಲ್ಲ. ದಂಡೆಯ ಮೇಲೆ 2 ಅಶ್ವಶಕ್ತಿಯ ಮೋಟಾರಿರಲಿ, 50 ಅಶ್ವಶಕ್ತಿಯದಿರಲಿ, ಈ ಮಿತಿ ಒಂದಂಗುಲವೂ ಮುಂದಕ್ಕೆ ಹೋಗದು.

ನಾನು ಮೋಸಹೋದ ಈ ಜಾಗದಲ್ಲಿ ಮಹಾಪಂಡಿತರೂ ತಡವರಿಸಿದ್ದಾರೆ. ಇಟಲಿ ದೇಶದ ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಎತ್ತರಕ್ಕಿಂತ ಮೇಲೆ ಪಂಪು ನೀರನ್ನು ಏರಿಸದೆಹೋದ ಸಂಗತಿಯನ್ನು ಬರೆದಿದ್ದಾನೆ. ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ತುಂಡಾಗುತ್ತದೆಂದು ಅವನು ಊಹಿಸಿದ್ದ. ಅವನ ಶಿಷ್ಯ ಟೊರಿಚೆಲ್ಲಿಯ ಆಲೋಚನೆ ಬೇರೆ ದಾರಿ ಹಿಡಿಯಿತು. ಎಳೆಯುವವರಾರೂ ಇಲ್ಲ, ಹೊರಗಿನ ಗಾಳಿ ತಳ್ಳುತ್ತದೆ ಎಂದು ಅವನು ತರ್ಕಿಸಿದ. ಹಾಗಿದ್ದರೆ ನೀರಿಗಿಂತ 13.6 ಪಟ್ಟು ಭಾರವಾದ ಪಾದರಸ ಅಷ್ಟೇ ಪಟ್ಟು ಗಿಡ್ಡಗಿರಬೇಕು. 1643-44ರ ಸುಮಾರಿಗೆ ಗಾಜಿನ ಕೊಳವೆಯಲ್ಲಿ ಪರೀಕ್ಷೆ ನಡೆಯಿತು. ಪಾದರಸ ಸುಮಾರು 76 ಸೆಂಟಿಮೀಟರಿನಲ್ಲಿ ನಿಂತಿತು. 76ನ್ನು 13.6ರಿಂದ ಗುಣಿಸಿ ನೋಡಿ: 1,033 ಸೆಂಟಿಮೀಟರು. ಅದೇ ನಮ್ಮ 10.3 ಮೀಟರು!

ಗಾಳಿಯ ಭಾರವೇ ಕಾರಣವಾದರೆ ಬೆಟ್ಟದ ಮೇಲೆ ಗಾಳಿ ಕಡಿಮೆಯಿರುವುದರಿಂದ ಪಾದರಸವೂ ತಗ್ಗಬೇಕು. ಫ್ರಾನ್ಸಿನ ಪಾಸ್ಕಲ್ ಹೀಗೆ ಯೋಚಿಸಿದ. ಅವನ ಕೋರಿಕೆಯಂತೆ ಅವನ ಭಾವ ಪೆರಿಯೆ 1648ರಲ್ಲಿ ಕೊಳವೆಯನ್ನು ಪ್ವಿ ದ ದೋಮ್ ಎಂಬ ಬೆಟ್ಟದ ತುದಿಗೆ ಒಯ್ದ. ಪಾದರಸ ಸುಮಾರು 8 ಸೆಂಟಿಮೀಟರು ಇಳಿದಿತ್ತು. ಈಗ ಒತ್ತಡದ ಮಾನಕ್ಕೆ ಇಟ್ಟಿರುವುದು ಇದೇ ಪಾಸ್ಕಲನ ಹೆಸರು.

ಇದು ಬೆಟ್ಟದ ನಾಡಿನಲ್ಲಿರುವ ನಮ್ಮ ಕನ್ನಡ ಬಂಧುಗಳಿಗೂ ಸಂಬಂಧಪಟ್ಟ ಮಾತು. ಕಾಸರಗೋಡಿನ ಕರಾವಳಿಯಲ್ಲಿ ಮಿತಿ 10.3 ಮೀಟರಾದರೆ, ವಯನಾಡಿನಲ್ಲಿ 800 ಮೀಟರು ಎತ್ತರದ ಜಾಗದಲ್ಲಿ ಅದು ಸುಮಾರು 9.4 ಮೀಟರು. 2,200 ಮೀಟರಿಗೂ ಎತ್ತರದಲ್ಲಿರುವ ಉದಕಮಂಡಲದಲ್ಲಿ 8 ಮೀಟರಿನ ಆಸುಪಾಸು. ಅಲ್ಲಿಯವರು ಪಂಪನ್ನು ನೀರಿಗೆ ಇನ್ನೂ ಸಮೀಪವಾಗಿ ಇಡಬೇಕು.

34 ಅಡಿಗೆ ಒಳಗಿದ್ದರೂ ಏಕೆ ಬರಲಿಲ್ಲ?

ಹುಡುಗಿ ಪ್ರಶ್ನೆ ಕೇಳಿದ ಮೇಲೆ ಒಂದು ಕೆಲಸ ಮಾಡಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಆ ವರ್ಷದ ಪಗ್ಗು ತಿಂಗಳಲ್ಲಿ, ಪಂಪು ಮತ್ತೆ ನಿಂತ ದಿನ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ ಅಳೆದೆ. ಪಂಪಿನಿಂದ ನೀರಿನ ಮಟ್ಟಕ್ಕೆ 31 ಅಡಿ, ಎಂದರೆ ಸುಮಾರು ಒಂಬತ್ತೂವರೆ ಮೀಟರು. ಪುಸ್ತಕದ 34 ಅಡಿಗೆ ಒಳಗೇ ಇದೆ! ಆದರೂ ನೀರೇಕೆ ಬರುವುದಿಲ್ಲ?

ಇಲ್ಲಿಯೇ ಪುಸ್ತಕದ ಲೆಕ್ಕಕ್ಕೂ ಹೊಲದ ಲೆಕ್ಕಕ್ಕೂ ಇರುವ ಅಂತರ ಅರಿಯಬೇಕು. 34 ಅಡಿ ಎಂಬುದು ಪಂಪಿನೊಳಗೆ ಪೂರ್ಣ ನಿರ್ವಾತವಿದ್ದು, ನೀರು ಅಲುಗದೆ ನಿಂತಿದ್ದಾಗಿನ ಮಾತು. ನಮ್ಮ ನೀರು ಹರಿಯಬೇಕು. ಹರಿಯುವಾಗ ಫುಟ್‌ವಾಲ್ವಿನ ಜಾಲರಿಯಲ್ಲಿ ಒಂದಷ್ಟು ಒತ್ತಡ ಸವೆಯುತ್ತದೆ. ಪೈಪಿನ ಮೈಗೆ ಉಜ್ಜಿ ಒಂದಷ್ಟು ಸವೆಯುತ್ತದೆ. ಬಾಗಿನಲ್ಲಿ ತಿರುಗುವಾಗ ಮತ್ತಷ್ಟು ಹೋಗುತ್ತದೆ. ಒತ್ತಡ ತೀರ ಇಳಿದಲ್ಲಿ ನೀರು ಬಿಸಿಯಾಗದೆಯೇ ಆವಿಯಾಗತೊಡಗುತ್ತದೆ. 30 ಡಿಗ್ರಿ ಸೆಖೆಯಲ್ಲಿ ಇದರಿಂದಲೇ ಸುಮಾರು 40 ಸೆಂಟಿಮೀಟರು ನಷ್ಟ. ಪಂಪಿನ ಚಕ್ರವೂ ಪೂರ್ಣ ನಿರ್ವಾತವನ್ನು ಉಂಟುಮಾಡಲಾರದು. ಇವೆಲ್ಲವನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 20ರಿಂದ 23 ಅಡಿ, ಅಂದರೆ ಆರೇಳು ಮೀಟರು.

ದೊಡ್ಡ ಪಂಪಿನಿಂದ ನನಗಾದ ಉಪಕಾರವನ್ನು ಕೇಳಿ. ಅದು ಹೆಚ್ಚು ನೀರನ್ನು ಬೇಡುವಂಥದು. ಪೈಪು ಮಾತ್ರ ಹಳೆಯದೇ. ಅಷ್ಟು ನೀರು ಅದೇ ಪೈಪಿನಲ್ಲಿ ಹರಿಯಬೇಕಾದರೆ ವೇಗ ಹೆಚ್ಚಬೇಕು. ವೇಗ ಹೆಚ್ಚಿದಷ್ಟೂ ಸವೆತ ಹೆಚ್ಚು. ಹೀಗೆ ಸಾಲ ಮಾಡಿ ತಂದ ಯಂತ್ರ ನನ್ನ 20 ಅಡಿಯ ಮಿತಿಯನ್ನು ಇನ್ನೂ ಕಡಿಮೆ ಮಾಡಿತ್ತು!

ಪರಿಹಾರ ಸುಲಭವಾಗಿತ್ತು. ಬಾವಿಯೊಳಗೆ ದಂಡೆಯಿಂದ 15 ಅಡಿ ಕೆಳಗೆ ಗಟ್ಟಿಯಾದ ಅಟ್ಟಣೆ ಕಟ್ಟಿಸಿ, ಹಳೆಯ 2 ಅಶ್ವಶಕ್ತಿಯ ಪಂಪನ್ನೇ ಅಲ್ಲಿ ಕೂರಿಸಿದೆ. ಪಂಪಿನಿಂದ ನೀರಿಗೆ ಈಗ 16 ಅಡಿ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ತೊಟ್ಟಿಯಲ್ಲಿ ನೀರು ಬಿದ್ದ ಸದ್ದು ಕೇಳಿತು. ಮೇಲಕ್ಕೆ ತಳ್ಳುವ ದೂರ 15 ಅಡಿ ಹೆಚ್ಚಾಯಿತಲ್ಲವೆ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ತಳ್ಳುವುದು ಪಂಪು, ಗಾಳಿಯಲ್ಲ. ಪಂಪಿನ ರಚನೆಯೂ ಮೋಟಾರಿನ ಶಕ್ತಿಯೂ ತಡೆಯುವಷ್ಟು ಎತ್ತರಕ್ಕೆ ಅದು ತಳ್ಳಬಲ್ಲದು. ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ನೂರಾರು ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತುವುದೂ ಇದರಿಂದಲೇ. ಅದಕ್ಕೆ ಕೆಳಗಿನಿಂದ ತಳ್ಳುವ ಕೆಲಸ ಮಾತ್ರ.

ಒಂದು ಎಚ್ಚರಿಕೆಯ ಮಾತು. ಬಾವಿಯೊಳಗೆ ವಿದ್ಯುತ್ ಪಂಪನ್ನಿಟ್ಟವರು ಅರ್ತಿಂಗ್ ತಂತಿಯನ್ನೂ, ಸೋರಿಕೆಯಾದಾಗ ಕರೆಂಟು ಕಡಿಯುವ ಸಾಧನವನ್ನೂ ತಪ್ಪದೆ ಹಾಕಿಸಬೇಕು. ಮಳೆಗಾಲಕ್ಕೆ ಮೊದಲೇ ಪಂಪನ್ನು ಮೇಲಕ್ಕೆ ತೆಗೆಯಬೇಕು. ಸೀಮೆಎಣ್ಣೆ, ಪೆಟ್ರೋಲು, ಡೀಸೆಲಿನ ಎಂಜಿನನ್ನು ಮಾತ್ರ ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಕೂಡದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಇಳಿಸಿ ನೋಡಿದರೂ ಅದು ಗೊತ್ತಾಗದು. ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಸಾಯುತ್ತಾನೆ.

ತೊಟ್ಟಿಯ ಅಗಲವೋ, ಎತ್ತರವೋ?

ನಮ್ಮ ಗುಡ್ಡಗಳ ಸುರಂಗದ ನೀರನ್ನು ಬಳಸುವವರಿಗೆ ಪಂಪಿನ ಚಿಂತೆಯಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದುಬಂದು ತೊಟ್ಟಿಯಲ್ಲಿ ನಿಲ್ಲುತ್ತದೆ. ಆದರೆ ಅವರಿಗೂ ಒಂದು ತಪ್ಪು ಕಲ್ಪನೆಯುಂಟು. ತೊಟ್ಟಿ ದೊಡ್ಡದಾದರೆ ಪೈಪಿನಲ್ಲಿ ನೀರು ಜೋರಾಗಿ ಬರುತ್ತದೆಂದು ತಿಳಿದು ಅಗಲವಾದ ತೊಟ್ಟಿಗೆ ಹಣ ಸುರಿಯುವವರಿದ್ದಾರೆ.

ನೀರಿನ ಒತ್ತಡಕ್ಕೆ ಅಗಲದ ಹಂಗಿಲ್ಲ; ಎತ್ತರವೊಂದೇ ಲೆಕ್ಕ. ಉದ್ದನೆಯ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ತೂತು ಮಾಡಿ ನೀರು ತುಂಬಿ. ಕೆಳಗಿನ ತೂತಿನಿಂದ ನೀರು ಎಲ್ಲಕ್ಕಿಂತ ರಭಸವಾಗಿ ಚಿಮ್ಮುತ್ತದೆ. ಅದರ ಮೇಲೆ ನಿಂತಿರುವ ನೀರಿನ ಎತ್ತರ ಹೆಚ್ಚಲ್ಲವೆ? ಪ್ರತಿ 10 ಮೀಟರು ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಹನಿ ನೀರಾವರಿಗೆ ಸಾಮಾನ್ಯವಾಗಿ ಇಷ್ಟೇ ಬೇಕು. ಆದುದರಿಂದ ತೋಟಕ್ಕಿಂತ 10 ಮೀಟರು ಎತ್ತರದಲ್ಲಿ ಸಣ್ಣ ತೊಟ್ಟಿಯಿದ್ದರೂ ಹನಿ ಪೈಪುಗಳು ನಡೆಯುತ್ತವೆ. ತೋಟದ ಮಟ್ಟದಲ್ಲೇ ಇರುವ ತೊಟ್ಟಿ ಗದ್ದೆಯಷ್ಟು ಅಗಲವಿದ್ದರೂ ನಡೆಯವು. ಅಗಲವಾದ ತೊಟ್ಟಿಯಲ್ಲಿ ನೀರು ಹೆಚ್ಚು ಕಾಲ ಇರುತ್ತದೆ, ಜೋರಾಗಿ ಬರುವುದಿಲ್ಲ.

ಹಣ ಉಳಿಸಲೆಂದು ಸಣ್ಣ ಪೈಪು ಹಾಕುವುದೂ ನಷ್ಟದ ಬಾಬು. ಪೈಪಿನ ವ್ಯಾಸವನ್ನು ಅರ್ಧ ಮಾಡಿ ಅಷ್ಟೇ ನೀರನ್ನು ಹರಿಸಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು. ಉಜ್ಜುವಿಕೆಯ ನಷ್ಟ ಎರಡಲ್ಲ, ನಾಲ್ಕಲ್ಲ, ಸುಮಾರು 30 ಪಟ್ಟಾಗುತ್ತದೆ.

ಎಷ್ಟು ಅಶ್ವಶಕ್ತಿ ಬೇಕು?

ಇನ್ನು ಕೊಳ್ಳುವ ಮುಂಚೆ ಮಾಡಬೇಕಾದ ಲೆಕ್ಕ. ಭಾರವನ್ನು ಎತ್ತರದಿಂದ ಗುಣಿಸಿದರೆ ಕೆಲಸ. ಆ ಕೆಲಸ ಒಂದು ಸೆಕೆಂಡಿಗೆ ಎಷ್ಟು ನಡೆಯಿತು ಎಂಬುದು ಸಾಮರ್ಥ್ಯ. 30 ಕಿಲೋ ತೂಕದ ಹುಡುಗ 3 ಮೀಟರು ಎತ್ತರದ ಮೆಟ್ಟಿಲನ್ನು ಹತ್ತಿದರೆ ಆಗುವ ಕೆಲಸ 90 ಕಿಲೋ-ಮೀಟರು (ಇದು ದಾರಿಯ ಕಿಲೋಮೀಟರಲ್ಲ; ಕಿಲೋ ತೂಕವನ್ನು ಮೀಟರಿನಿಂದ ಗುಣಿಸಿದ್ದು). ಮೆಲ್ಲಗೆ ಹತ್ತಿದರೂ ಓಡಿ ಹತ್ತಿದರೂ ಕೆಲಸ ಇಷ್ಟೇ. 6 ಸೆಕೆಂಡಿನಲ್ಲಿ ಹತ್ತಿದರೆ ಸಾಮರ್ಥ್ಯ ಸೆಕೆಂಡಿಗೆ 15. ಸೆಕೆಂಡಿಗೆ 75 ಆದರೆ ಅದು ಒಂದು ಅಶ್ವಶಕ್ತಿ. ಹಾಗಾದರೆ ಆ ಹುಡುಗ ಆರು ಸೆಕೆಂಡು ಕಾಲ ಅಶ್ವಶಕ್ತಿಯ ಐದನೆಯ ಒಂದು ಪಾಲು!

ಈಗ ನನ್ನ ಬಾವಿಯ ಲೆಕ್ಕ. ನೀರಿನ ಮಟ್ಟದಿಂದ ದಂಡೆಗೆ 9.5 ಮೀಟರು, ದಂಡೆಯಿಂದ ಗುಡ್ಡದ ತೊಟ್ಟಿಗೆ 15 ಮೀಟರು, ಒಟ್ಟು 24.5. ಪೈಪಿನ ಉಜ್ಜುವಿಕೆಗೆಂದು 2.5 ಮೀಟರು ಸೇರಿಸಿದರೆ 27 ಮೀಟರು. ಬೇಕಾದ ನೀರು ಸೆಕೆಂಡಿಗೆ 2 ಲೀಟರು, ಅಂದರೆ 2 ಕಿಲೋ. (20 ಲೀಟರಿನ ಬಕೆಟು 10 ಸೆಕೆಂಡಿನಲ್ಲಿ ತುಂಬಿದರೆ ಇಷ್ಟಾಯಿತು.) 2ನ್ನು 27ರಿಂದ ಗುಣಿಸಿದರೆ 54, ಅದನ್ನು 75ರಿಂದ ಭಾಗಿಸಿದರೆ 0.72 ಅಶ್ವಶಕ್ತಿ. ಆದರೆ ಪಂಪಿಗೆ ಕೊಟ್ಟ ಶಕ್ತಿಯೆಲ್ಲ ನೀರಿಗೆ ಸೇರುವುದಿಲ್ಲ. ಅರ್ಧವಾದರೂ ಸೇರುತ್ತದೆಂದು ಹಿಡಿದರೆ 0.72ರ ಇಮ್ಮಡಿ, 1.44 ಅಶ್ವಶಕ್ತಿ ಬೇಕು. ಅಂಗಡಿಯಲ್ಲಿ ಕೇಳಬೇಕಾದುದು 2 ಅಶ್ವಶಕ್ತಿಯ ಪಂಪು. ಅದು ಮೊದಲೇ ನನ್ನ ಬಳಿ ಇತ್ತು!

ಕರೆಂಟಿನ ಲೆಕ್ಕವನ್ನೂ ನೋಡಿಬಿಡೋಣ. ಮೂರು ಗಂಟೆಯಲ್ಲಿ 10,800 ಸೆಕೆಂಡು. ಸೆಕೆಂಡಿಗೆ 2 ಲೀಟರಿನಂತೆ 21,600 ಲೀಟರು ನೀರು. ಅದನ್ನು 27 ಮೀಟರು ಎತ್ತುವ ಕೆಲಸ 5,83,200 ಕಿಲೋ-ಮೀಟರು, 9.8ರಿಂದ ಗುಣಿಸಿದರೆ ಸುಮಾರು 57 ಲಕ್ಷ ಜೂಲ್. ಒಂದು ಯೂನಿಟು ಕರೆಂಟೆಂದರೆ 36 ಲಕ್ಷ ಜೂಲ್. ಆದುದರಿಂದ ನೀರಿಗೆ ಸಲ್ಲುವುದು 1.6 ಯೂನಿಟು. ಪಂಪಿನ ದಕ್ಷತೆ ನೂರಕ್ಕೆ 50, ಮೋಟಾರಿನದು ನೂರಕ್ಕೆ 80 ಎಂದು ಹಿಡಿದರೆ ಎರಡೂ ಸೇರಿ ನೂರಕ್ಕೆ 40. ಮೀಟರು ತೋರಿಸುವುದು 4 ಯೂನಿಟು. ನಿಮ್ಮ ಮೀಟರು ಇದಕ್ಕಿಂತ ತೀರ ಹೆಚ್ಚು ತೋರಿಸಿದರೆ ಎಲ್ಲೋ ಸೋರಿಕೆಯೋ, ಸವೆದ ಚಕ್ರವೋ, ಸಣ್ಣ ಪೈಪೋ ಇದೆಯೆಂದು ತಿಳಿಯಬೇಕು.

ಕಲಿಯುವವರಿಗೆ ನಾಲ್ಕು ಮಾತು

ಈ ಅನುಭವವಾದ ಮೇಲೆ ನಾನು ಪಾಠ ಮಾಡುವ ಕ್ರಮವನ್ನೇ ಬದಲಿಸಿದೆ. ಯಾವ ಸಮಸ್ಯೆಯನ್ನು ಕೊಟ್ಟರೂ ಮಕ್ಕಳು ಸೂತ್ರಕ್ಕೆ ಕೈಹಾಕುವ ಮುಂಚೆ ನಾಲ್ಕು ಕೆಲಸ ಮಾಡಬೇಕೆಂದು ಹೇಳುತ್ತೇನೆ.

ಮೊದಲನೆಯದು, ಒಂದು ಚಿತ್ರ ಬರೆಯಿರಿ. ಬಾವಿ, ಪಂಪು, ತೊಟ್ಟಿ ಎಲ್ಲಿವೆ, ನಡುವೆ ಎಷ್ಟು ದೂರ ಎಂಬುದು ಕಾಗದದ ಮೇಲೆ ಬಂದರೆ ಅರ್ಧ ಉತ್ತರ ಬಂದಂತೆ. ಎರಡನೆಯದು, ತಳ್ಳುವವರು ಯಾರು, ತಡೆಯುವವರು ಯಾರು ಎಂದು ಕೇಳಿಕೊಳ್ಳಿ. ನಾನು ಕೇಳಿಕೊಳ್ಳದೆ ಬಿಟ್ಟದ್ದು ಇದನ್ನೇ. ಮೂರನೆಯದು, ಪ್ರತಿಯೊಂದು ಅಂಕೆಯ ಮುಂದೆಯೂ ಅದರ ಮಾನ ಬರೆಯಿರಿ. ಅಡಿಯನ್ನೂ ಮೀಟರನ್ನೂ ಕೂಡಿಸುವುದು ಅಕ್ಕಿಯನ್ನೂ ಅಡಿಕೆಯನ್ನೂ ಒಂದೇ ಮೂಟೆಗೆ ಸುರಿದಂತೆ. ನಾಲ್ಕನೆಯದು, ಬಂದ ಉತ್ತರ ನಂಬುವಂತಿದೆಯೆ ಎಂದು ನೋಡಿ. ಮನೆಯ ಬಾವಿಗೆ 200 ಅಶ್ವಶಕ್ತಿ ಬೇಕೆಂದು ಉತ್ತರ ಬಂದರೆ ಎಲ್ಲೋ ಸೊನ್ನೆ ಹೆಚ್ಚಾಗಿದೆ.

ಸೂತ್ರವನ್ನು ಮರೆತರೂ ಈ ನಾಲ್ಕನ್ನು ಮರೆಯದ ಮಗು ಮುಂದೆ ಬರುತ್ತದೆ. ಸೂತ್ರ ಮಾತ್ರ ನೆನಪಿದ್ದು ಇವು ನಾಲ್ಕನ್ನು ಮರೆತವನ ಗತಿ ಏನೆಂಬುದಕ್ಕೆ ನನ್ನ ಕೊಟ್ಟಿಗೆಯಲ್ಲಿ ಬಹುದಿನ ಗೋಣಿ ಹೊದ್ದು ಕೂತಿದ್ದ 5 ಅಶ್ವಶಕ್ತಿಯ ಪಂಪೇ ನಿದರ್ಶನ. ಕೊನೆಗೆ ಅದನ್ನು ಅರ್ಧ ಬೆಲೆಗೆ ಮಾರಿದೆ. ಸಾಲ ತೀರಲು ಎರಡು ವರ್ಷದ ಅಡಿಕೆ ಹೋಯಿತು.

ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ಬೇಸಗೆಯಲ್ಲಿ ಪಂಪು ನಿಂತರೆ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಓದುತ್ತಿರುವ ಮಗನನ್ನೋ ಮಗಳನ್ನೋ ಕರೆಯಿರಿ. ಕೈಗೆ ಹಗ್ಗ, ಕಲ್ಲು, ಅಳತೆಪಟ್ಟಿ ಕೊಟ್ಟು, ನೀವು ಪಕ್ಕದಲ್ಲೇ ನಿಂತು, ಪಂಪಿನಿಂದ ನೀರಿಗೆ ಎಷ್ಟು ಅಡಿ ಎಂದು ಅಳೆಸಿರಿ. 20 ಅಡಿಗಿಂತ ಹೆಚ್ಚಿದ್ದರೆ ಮೋಟಾರನ್ನು ದೂರಬೇಡಿ. ಪಂಪನ್ನು ಕೆಳಗಿಳಿಸುವ ಅಥವಾ ನೀರಿನೊಳಗೆ ಮುಳುಗುವ ಪಂಪನ್ನು ಹಾಕುವ ಯೋಚನೆ ಮಾಡಿ. 20 ಅಡಿಗೆ ಒಳಗಿದ್ದರೆ ಪೈಪಿನ ಸಂದುಗಳನ್ನೂ ಫುಟ್‌ವಾಲ್ವನ್ನೂ ಪರೀಕ್ಷಿಸಿ. ಇದಕ್ಕೆ ಖರ್ಚಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗಿ ಶಾಲೆ ಮುಗಿಸಿ ಹೋದಳು. ಅಟ್ಟಣೆಯ ಮೇಲಿನ ಪಂಪು ಮೊದಲ ಸಲ ನೀರೆತ್ತಿದ ದಿನ ಅವಳ ತಂದೆಯೊಡನೆ ಅವಳನ್ನೂ ಕರೆಸಿ ತೋರಿಸಿದ್ದೆ. ಬಾವಿಗೆ ಇಣುಕಿ, ಬೆರಳು ಮಡಿಸಿ ಲೆಕ್ಕ ಹಾಕಿ, “ಹದಿನಾರು ಅಡಿ. ಹಾಗಾದರೆ ಗಾಳಿಗೆ ಸುಲಭ” ಎಂದಳು. ಹದಿನೆಂಟು ವರ್ಷ ನಾನು ಮಾಡಿದ ಪಾಠ ಅಂದು ನನಗೂ ಅರ್ಥವಾಯಿತು.